ಕಾಡಿನ ಪಾಠಕ್ಕೆ ಕಾನ್ವೆಂಟಿನ ಭಾಷೆ ಯಾಕೆ ಸ್ವಾಮಿ?



ಶಾಲೆ ಬಿಟ್ಟ ಮಕ್ಕಳನ್ನು ನೀವೆಲ್ಲ ನೋಡಿದ್ದೀರಿ. ದನ ಮೇಯಿಸಲು ಬಿಟ್ಟವರು, ಗಾರೆ ಕೆಲಸಕ್ಕೆ ಬಿಟ್ಟವರು, ಹಸುಗೂಸು ತಂಗಿಯನ್ನು ಎತ್ತಿ ಆಡಿಸಲು ಬಿಟ್ಟವರು. ನಮ್ಮ ಚಾಮರಾಜನಗರದ ಕಡೆ ನನ್ನ ಬಾಲ್ಯದಲ್ಲಿ ಅಂಥ ಮಕ್ಕಳಿಲ್ಲದ ಬೀದಿಯೇ ಇರಲಿಲ್ಲ. ಇವತ್ತು ನಾನು ಹೇಳಹೊರಟಿರುವುದು ಇನ್ನೊಂದು ಬಗೆಯವರ ಮಾತು. ಅಪ್ಪ ಇಂಜಿನಿಯರು, ಅಮ್ಮನೂ ಇಂಜಿನಿಯರು. ಬೆಂಗಳೂರಿನಲ್ಲಿ ಫ್ಲ್ಯಾಟಿದೆ, ಕಾರಿದೆ, ವರ್ಷಕ್ಕೆ ಲಕ್ಷಗಟ್ಟಲೆ ಫೀಜು ಬಿಸಾಕುವ ತಾಕತ್ತೂ ಇದೆ. ಆದರೂ ಈ ಶಾಲೆಯ ಸಹವಾಸವೇ ಬೇಡ ಎಂದು ಮಗುವನ್ನು ಮನೆಯಲ್ಲಿ, ತೋಟದಲ್ಲಿ, ಮರದ ಕೆಳಗೆ ಕಲಿಸಲು ಹೊರಟವರು. ಇದಕ್ಕೆ ಹೋಮ್‌ಸ್ಕೂಲಿಂಗ್ ಅನ್ನುತ್ತಾರೆ. 'ಮನೆಪಾಠ' ಎಂದರೆ ನಮ್ಮಲ್ಲಿ ಟ್ಯೂಷನ್ ಎಂದಾಗಿಬಿಟ್ಟಿದೆ. ಹಾಗಾಗಿ ನಾನು 'ಮನೆಶಾಲೆ' ಎನ್ನುತ್ತೇನೆ.

ನಗಬೇಡಿ. ನಿಮ್ಮಲ್ಲಿ ಹಲವರಿಗೆ ಇನ್ನು ನಾಲ್ಕೈದು ವರ್ಷದಲ್ಲಿ ಮದುವೆ, ಮಗು, ಎಲ್‌ಕೆಜಿ ಸೀಟಿನ ಕ್ಯೂ. ಆಗ ಈ ಪ್ರಶ್ನೆ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ.

ಕಳೆದ ಮಳೆಗಾಲ ಗುಂಡ್ಲುಪೇಟೆ ತಾಲ್ಲೂಕಿನ ಒಂದು ತೋಟಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ. ಎತ್ತ ನೋಡಿದರೂ ಚೆಂಡು ಹೂವು, ಸೂರ್ಯಕಾಂತಿ. ಕೇರಳದ ರಸ್ತೆಯುದ್ದಕ್ಕೂ ಕಾರು ನಿಲ್ಲಿಸಿ, ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವ ಜನ. ಆ ತೋಟದಲ್ಲಿ ಬೆಂಗಳೂರಿನ ಏಳೆಂಟು ಮನೆಶಾಲೆ ಕುಟುಂಬಗಳು ಎರಡು ದಿನಕ್ಕೆಂದು ಸೇರಿದ್ದವು. ಗೆಳೆಯನೊಬ್ಬ ನನ್ನನ್ನೂ ಎಳೆದುಕೊಂಡು ಹೋಗಿದ್ದ. ಒಳ್ಳೆಯ ಜನ ಕಣ್ರೀ. ಮಕ್ಕಳ ಮೇಲೆ ಕೈ ಎತ್ತುವುದಿಲ್ಲ, ದನಿ ಎತ್ತುವುದಿಲ್ಲ. ಮಕ್ಕಳು ಕೆಸರಲ್ಲಿ ಬಿದ್ದರೆ ಬೀಳಲಿ ಎನ್ನುತ್ತಾರೆ. ನನಗಂತೂ ಹೊಟ್ಟೆಕಿಚ್ಚಾಯಿತು.

ಬೆಳಿಗ್ಗೆ ಮಕ್ಕಳನ್ನು ಗಿಡ ಗುರುತಿಸಲು ಕರೆದುಕೊಂಡು ಹೊರಟರು. ಒಬ್ಬೊಬ್ಬರ ಕೈಗೂ ಪ್ಲಾಸ್ಟಿಕ್ ಹೊದಿಸಿದ ಒಂದೊಂದು ಹಾಳೆ. ಅದರಲ್ಲಿ ಗಿಡಗಳ ಚಿತ್ರ, ಕೆಳಗೆ ಇಂಗ್ಲಿಷ್ ಹೆಸರು. ಪಕ್ಕದ ಹೊಲದಲ್ಲಿ ಒಬ್ಬ ಹೆಂಗಸು ಕಳೆ ತೆಗೆಯುತ್ತಾ, ಕಿತ್ತ ಕಳೆಯಲ್ಲೇ ಕೆಲವನ್ನು ಆರಿಸಿ ಮಡಿಲಿಗೆ ತುಂಬಿಕೊಳ್ಳುತ್ತಿದ್ದರು. ಏಳು ವರ್ಷದ ಒಂದು ಚುರುಕು ಹುಡುಗಿ ಅವರ ಹತ್ತಿರ ಓಡಿಹೋಗಿ ಇಂಗ್ಲಿಷಿನಲ್ಲಿ ಏನೋ ಕೇಳಿತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕು, ನನ್ನ ಕಡೆ ನೋಡಿ, "ಏನಂದದಣ್ಣ ಕೂಸು?" ಅಂದರು. ಅದೇನು, ಯಾಕೆ ಕೀಳುತ್ತೀರಿ ಅಂತ ಕೇಳುತ್ತಿದೆ ಎಂದೆ. "ಬೆರಕೆ ಸೊಪ್ಪು ಕನವ್ವ. ಇದು ಅಣ್ಣೆ, ಇದು ಗಣಿಕೆ, ಇದು ಹೊನಗೊನೆ. ಸಂಜೆಗೆ ಸಾರು." ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಲು ಹೋಗಿ ತಡವರಿಸಿದೆ. ಅಣ್ಣೆ ಸೊಪ್ಪಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ಆ ಹಾಳೆಯಲ್ಲೂ ಅದು ಇರಲಿಲ್ಲ.

ಆ ಹುಡುಗಿ ಯಾವ ದೇಶದ್ದು ಅಂದುಕೊಂಡಿರಿ? ಅಮ್ಮ ಹಾಸನದವರು, ಅಪ್ಪ ದಾವಣಗೆರೆಯವರು. ಅಪ್ಪಟ ಕನ್ನಡಿಗರ ಮಗುವಿಗೂ ಅಪ್ಪಟ ಕನ್ನಡದ ಹೊಲಕ್ಕೂ ನಡುವೆ ನಾನು ದುಭಾಷಿ!

ಇನ್ನೊಂದು ಮಾತು ಹೇಳಲೇಬೇಕು. ಅವತ್ತು ಭಾನುವಾರ. ಕಳೆ ಕೀಳುವ ಹೆಂಗಸಿನ ಮಗಳೂ ಅಮ್ಮನ ಜತೆ ಬಂದಿತ್ತು. ಅದಕ್ಕೂ ಏಳೋ ಎಂಟೋ ವರ್ಷ. ಬೇಲಿಯಾಚೆ ನಿಂತು ಈ ಮಕ್ಕಳ ಆಟವನ್ನೇ ನೋಡುತ್ತಿತ್ತು. ಬಾ ಅಂತ ಯಾರೂ ಕರೆಯಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಯಾರಿಗೂ ಅದು ಹೊಳೆಯಲೇ ಇಲ್ಲ. ಈ ಬಳಗ ಎಲ್ಲರನ್ನೂ ಒಳಗೊಳ್ಳುತ್ತದೆ ಎಂದು ಗೇಟಿನ ಹತ್ತಿರ ದೊಡ್ಡದಾಗಿ ಬರೆದು ಹಾಕಿದ್ದರು. ಇಂಗ್ಲಿಷಿನಲ್ಲಿ.

ನನ್ನ ತಕರಾರು ಇರುವುದು ಇಲ್ಲಿಯೇ. ಶಾಲೆ ಬಿಟ್ಟದ್ದಕ್ಕಲ್ಲ, ಕಾಡಿನ ಹತ್ತಿರ ಬಂದದ್ದಕ್ಕಂತೂ ಅಲ್ಲವೇ ಅಲ್ಲ. ಪ್ರಕೃತಿಯಿಂದ ಕಲಿಯುತ್ತೇವೆ ಎಂದು ಬಂದವರು ಆ ಪ್ರಕೃತಿಯ ಹೆಸರುಗಳನ್ನೂ ಅದನ್ನು ಬಲ್ಲ ಜನರನ್ನೂ ಬೇಲಿಯಾಚೆ ಬಿಟ್ಟರಲ್ಲ, ಅದಕ್ಕೆ.

ಮನೆಶಾಲೆ ಎಂಬುದು ಅಮೆರಿಕದ ಶೋಕಿ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಕನ್ನಡದಲ್ಲಿ ಇದಕ್ಕೆ ದೊಡ್ಡ ಮೇಲ್ಪಂಕ್ತಿಯೇ ಇದೆ. ಕೋಟ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ತಮ್ಮ ಮಕ್ಕಳನ್ನು ಎಳವೆಯಲ್ಲಿ ಶಾಲೆಗೆ ಅಟ್ಟದೆ ಮನೆಯಲ್ಲೇ ಕಲಿಸಿದರು. ಸ್ವತಃ ಅವರೂ ಗಾಂಧೀಜಿಯ ಅಸಹಕಾರದ ಕರೆಗೆ ಕಾಲೇಜು ಬಿಟ್ಟು ಬಂದವರೇ. ಆ ಮನೆಯಲ್ಲಿ ಬೆಳೆದ ಉಲ್ಲಾಸ ಕಾರಂತರು ಇಂಜಿನಿಯರಿಂಗ್ ಓದಿ, ಅದನ್ನೂ ಬಿಟ್ಟು, ಹುಲಿಗಳ ಹಿಂದೆ ಹೋದರು. ನಾಗರಹೊಳೆ ಬಂಡೀಪುರದ ಹುಲಿಗಳ ಬಗ್ಗೆ ಇವತ್ತು ಜಗತ್ತಿಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಅವರ ದುಡಿಮೆ. ಬಂಡೀಪುರ ಎಲ್ಲಿದೆ? ಇದೇ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ.

ಕಾರಂತರು ಮಕ್ಕಳನ್ನು ಶಾಲೆಗೆ ಕಳಿಸದೆ ಸುಮ್ಮನೆ ಕೂರಲಿಲ್ಲ. ನಾಡಿನ ಮಕ್ಕಳಿಗೆಲ್ಲ ಓದಲು ಕನ್ನಡದಲ್ಲಿ ಏನಿದೆ ಎಂದು ಕೇಳಿಕೊಂಡರು. 1930ರ ದಶಕದಲ್ಲೇ 'ಬಾಲಪ್ರಪಂಚ' ಎಂಬ ಮೂರು ಸಂಪುಟ, ಆಮೇಲೆ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ' ನಾಲ್ಕು ಸಂಪುಟ. ಒಂದು ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸವನ್ನು ಒಬ್ಬ ಮನುಷ್ಯ ಮಾಡಿದ. ಈಗಿನ ಮನೆಶಾಲೆಯ ಅಪ್ಪ ಅಮ್ಮಂದಿರು ಕನ್ನಡದಲ್ಲಿ ಒಂದು ಗಿಡದ ಪಟ್ಟಿ ಮಾಡಲೂ ಸಮಯವಿಲ್ಲ ಎಂದರೆ ಏನೆನ್ನೋಣ?

ಗಾಂಧೀಜಿಯದೂ ಇದೇ ಕಥೆ. ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳನ್ನು ಬಿಳಿಯರ ಶಾಲೆಗೆ ಕಳಿಸದೆ ತಾವೇ ಕಲಿಸಲು ಹೊರಟರು. ಗೆಳೆಯ ಹೆನ್ರಿ ಪೊಲಾಕ್ ಜಗಳಕ್ಕೇ ಬಿದ್ದರು: ಎಳವೆಯಿಂದಲೇ ಇಂಗ್ಲಿಷು ಕಲಿಸಿ, ಬದುಕಿನ ಓಟದಲ್ಲಿ ಮುಂದಿರುತ್ತಾರೆ ಎಂದು. ಗಾಂಧಿ ಒಪ್ಪಲಿಲ್ಲ. ಮಕ್ಕಳ ಜತೆ ಗುಜರಾತಿಯಲ್ಲೇ ಮಾತಾಡಿದರು. ಈ ವಾದವನ್ನು ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ನೂರು ವರ್ಷ ದಾಟಿದರೂ ಪೊಲಾಕನ ವಾದ ನಮ್ಮ ಮನೆಗಳಲ್ಲಿ ಹಾಗೇ ನಡೆದಿದೆ, ಉತ್ತರ ಕೊಡುವ ಗಾಂಧಿ ಮಾತ್ರ ಇಲ್ಲ. ಪೂರ್ತಿ ಸತ್ಯವನ್ನೂ ಹೇಳಿಬಿಡುತ್ತೇನೆ. ಹಿರಿಯ ಮಗ ಹರಿಲಾಲ ತನಗೆ ಸರಿಯಾದ ಓದು ಸಿಗಲಿಲ್ಲವೆಂದು ಅಪ್ಪನ ಮೇಲೆ ಕೊರಗಿಕೊಂಡೇ ಬಾಳಿದ. ಮನೆಶಾಲೆ ಎಂದರೆ ಹೂವಿನ ಹಾಸಿಗೆ ಅಂತ ನಿಮಗೆ ಯಾರಾದರೂ ಹೇಳಿದರೆ ಹರಿಲಾಲನ ಹೆಸರು ನೆನಪಿಸಿ.

ಈಗ ಚಾಮರಾಜನಗರಕ್ಕೆ ಬನ್ನಿ. ಬಿಳಿಗಿರಿರಂಗನ ಬೆಟ್ಟ ಹತ್ತಿ. ಅಲ್ಲಿನ ರಂಗಪ್ಪನಿಗೆ ಸೋಲಿಗರು 'ಭಾವ' ಎನ್ನುತ್ತಾರೆ. ಸೋಲಿಗರ ಹುಡುಗಿಯನ್ನು ಮದುವೆಯಾದ ದೇವರು ಮತ್ತೇನಾಗಬೇಕು? ದೇವರನ್ನೇ ನೆಂಟನನ್ನಾಗಿ ಮಾಡಿಕೊಂಡ ಈ ಜನ ಕಾಡನ್ನೂ ನೆಂಟನ ಮನೆಯಂತೆಯೇ ಬಲ್ಲರು. ಒಂದೊಂದು ಕುಲಕ್ಕೂ ಅದರದೇ ಎಲ್ಲೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಜೇನು ಎಂದರೆ ನಮಗೆ ಬಾಟಲಿ. ಅವರಿಗೆ ಹೆಜ್ಜೇನು ಬೇರೆ, ತುಡುವೆ ಬೇರೆ, ಕೋಲುಜೇನು ಬೇರೆ. ಯಾವ ಮರ ಹೂ ಬಿಟ್ಟಾಗ ಯಾವುದು ಎಲ್ಲಿ ಕಟ್ಟುತ್ತದೆ, ತುಪ್ಪ ಇಳಿಸುವಾಗ ಹುಳಕ್ಕೆಷ್ಟು ಬಿಡಬೇಕು, ಇದೆಲ್ಲ ಅಲ್ಲಿನ ಮಕ್ಕಳು ಅಪ್ಪನ ಹಿಂದೆ ನಡೆದೇ ಕಲಿತದ್ದು.

ಇದು ಬರೀ ಹಳೆಯ ಕಾಲದ ಸೊಗಸು ಅಂದುಕೊಳ್ಳಬೇಡಿ. ಒಂದು ಉದಾಹರಣೆ ಕೊಡುತ್ತೇನೆ. ಸೋಲಿಗರು ಬೇಸಿಗೆಯ ಶುರುವಿನಲ್ಲಿ ಒಣ ಎಲೆಗೆ ಸಣ್ಣಗೆ ಬೆಂಕಿ ಹಾಕುತ್ತಿದ್ದರು. ಅದಕ್ಕೆ 'ತರಗು ಬೆಂಕಿ' ಎಂದು ಹೆಸರು. ತರಗು ಮಾತ್ರ ಸುಟ್ಟು ಮರ ಉಳಿಯುವ ಬೆಂಕಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ನಿಂತಿತು. ಆಮೇಲೆ ಕಾಡಿನ ಒಳಗೆಲ್ಲ ಲಂಟಾನ ಪೊದೆ ಹಬ್ಬಿತು, ಹುಲ್ಲು ಹೋಯಿತು, ನೆಲ್ಲಿ ಮರದ ಮೇಲೆ ಉಪ್ಪಿಲು ಎಂಬ ಬಂದಳಿಕೆ ಹತ್ತಿ ಮರ ಒಣಗತೊಡಗಿತು. ಬೆಂಕಿ ನಿಲ್ಲಿಸಿದ್ದಕ್ಕೇ ಹೀಗಾಯಿತು ಎಂದು ಸೋಲಿಗರ ಹಿರಿಯರು ಹೇಳುತ್ತಲೇ ಬಂದರು. ಕೇಳಿದವರು ಯಾರು? ಎಷ್ಟೋ ವರ್ಷ ಕಳೆದ ಮೇಲೆ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಆ ಹಿರಿಯರ ಜತೆ ಕೂತು, ಕೇಳಿ, ಅದನ್ನು ಸಂಶೋಧನಾ ಲೇಖನಗಳಲ್ಲಿ ಬರೆದರು. ತರಗು ಬೆಂಕಿ ಎಂಬ ಎರಡು ಮಾತಿನಲ್ಲಿ ಒಂದು ಇಡೀ ಅರಣ್ಯಶಾಸ್ತ್ರವಿತ್ತು ನೋಡಿ. ಆ ಮಾತು ಗೊತ್ತಿಲ್ಲದವರಿಗೆ ಕಂಡದ್ದು ಬರೀ ಬೆಂಕಿ.

ಇಲ್ಲಿ ನಮ್ಮವರಿಗೂ ಒಂದು ಕಿವಿಮಾತು. ಸೋಲಿಗ ನುಡಿಯನ್ನು ಭಾಷಾವಿಜ್ಞಾನಿಗಳು ಕನ್ನಡಕ್ಕೆ ತೀರ ಹತ್ತಿರದ, ಆದರೆ ಬೇರೆಯೇ ಆದ ದ್ರಾವಿಡ ನುಡಿ ಎಂದು ಎಣಿಸುತ್ತಾರೆ. ಅದನ್ನು ಕನ್ನಡದ ಹೊಟ್ಟೆಗೆ ಹಾಕಿಕೊಂಡು ಢರ್ರನೆ ತೇಗುವ ಚಪಲ ನಮಗೆ ಬೇಡ. ಇಂಗ್ಲಿಷಿನ ಯಜಮಾನಿಕೆಯನ್ನು ಬೈಯುವವರು ಪೋಡಿನಲ್ಲಿ ತಾವೇ ಯಜಮಾನರಾಗಬಾರದು.

ಸೋಲಿಗರ ಮಕ್ಕಳಿಗೆ ಕಾಡೇ ಶಾಲೆ, ಅವರಿಗೇಕೆ ಶಾಲೆಯ ಕಟ್ಟಡ ಎಂದು ಹಾಡಿ ಹೊಗಳುವ ನಗರದವರೂ ಇದ್ದಾರೆ. ಅದು ಶುದ್ಧ ಅನ್ಯಾಯ. ಅಕ್ಷರ ಗೊತ್ತಿಲ್ಲದ ಕಾಲದಲ್ಲಿ ಆ ಜನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಏನೇನು ಕಳೆದುಕೊಂಡರೋ ಅವರನ್ನೇ ಕೇಳಿ. 1981ರಲ್ಲಿ ಡಾ. ಎಚ್. ಸುದರ್ಶನ್ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಕುಷ್ಠ, ಕ್ಷಯಕ್ಕೆ ಮದ್ದು ಕೊಡಲು ಬಂದ ವೈದ್ಯರು ಶಾಲೆಯನ್ನೂ ತೆರೆದರು, ಪಾಠ ಕನ್ನಡದಲ್ಲಿ. 1994ರಲ್ಲಿ ಆ ಕೆಲಸಕ್ಕೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಸೋಲಿಗರಲ್ಲೇ ಹುಟ್ಟಿದ ಸಿ. ಮಾದೇಗೌಡರು ಡಾಕ್ಟರೇಟ್ ಪಡೆದು ತಮ್ಮ ಜನರ ಹಕ್ಕಿನ ಪರ ನಿಂತರು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಎಲ್ಲರೂ ಇನ್ನು ಸೋಲಿಗರನ್ನು ಓಡಿಸುತ್ತಾರೆ ಎಂದುಕೊಂಡರೆ, ಅದೇ ವರ್ಷ ಅವರು ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕು ಪಡೆದರು. ಅದನ್ನು ಗೆಲ್ಲಲು ಕಾಡಿನ ಅರಿವೂ ಬೇಕಾಯಿತು, ಕಾಗದ ಓದುವ ಅಕ್ಷರವೂ ಬೇಕಾಯಿತು. ಇದ್ದವನಿಗೆ ಶಾಲೆ ಬಿಡುವುದು ಆಯ್ಕೆ. ಇಲ್ಲದವನಿಗೆ ಶಾಲೆ ಸಿಗದಿರುವುದು ಶಿಕ್ಷೆ. ಗಾಜನೂರಿನ ಮುತ್ತುರಾಜ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು, ಗುಬ್ಬಿ ಕಂಪನಿಯಲ್ಲಿ ಕಲಿತು, ರಾಜಕುಮಾರ್ ಆಗಿ, 1982ರಲ್ಲಿ ಗೋಕಾಕ್ ಚಳವಳಿಯ ಮುಂದೆ ನಿಂತರು ನಿಜ. ಹಾಗಂತ ಶಾಲೆ ಬಿಟ್ಟವರೆಲ್ಲ ಅಣ್ಣಾವ್ರಾಗುವುದಿಲ್ಲವಲ್ಲ!

ಇನ್ನು ಕಾನೂನಿನ ಮಾತು. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ, 6ರಿಂದ 14ರ ವಯಸ್ಸಿನ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಅಪ್ಪ ಅಮ್ಮನ ಕರ್ತವ್ಯ ಎನ್ನುತ್ತದೆ. ಸೇರಿಸದವರಿಗೆ ಇಂಥ ಶಿಕ್ಷೆ ಎಂದು ಅದರಲ್ಲಿ ಬರೆದಿಲ್ಲ. ಆ ಸಂದಿಯಲ್ಲೇ ಮನೆಶಾಲೆಯವರು ಬದುಕಿದ್ದಾರೆ. ಕೊನೆಗೆ ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ, ಖಾಸಗಿ ಅಭ್ಯರ್ಥಿಯಾಗಿ ನಮ್ಮ ಎಸ್ಸೆಸ್ಸೆಲ್ಸಿಯೂ ಇದೆ. ಜರ್ಮನಿಯಲ್ಲಿ ಹೀಗೆಲ್ಲ ಮಾಡಿದರೆ ಕೋರ್ಟಿಗೆ ಎಳೆಯುತ್ತಾರೆ. ಅಲ್ಲಿ ಮನೆಶಾಲೆಗೆ ಅವಕಾಶವೇ ಇಲ್ಲ.

ಈಗ ನಮ್ಮ ಗಾಯಕ್ಕೆ ಕೈ ಹಾಕುತ್ತೇನೆ. 1994ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮ ಎಂದು ಆದೇಶ ಹೊರಡಿಸಿತು. ಇಪ್ಪತ್ತು ವರ್ಷ ಜಗ್ಗಾಡಿ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸರ್ಕಾರ ಹಾಗೆ ಹೇರುವಂತಿಲ್ಲ, ಮಾಧ್ಯಮದ ಆಯ್ಕೆ ಪೋಷಕರದು ಎಂದಿತು. ಅವತ್ತು ನಾವೆಲ್ಲ ತಲೆ ಮೇಲೆ ಕೈ ಹೊತ್ತು ಕೂತೆವು. 2015ರಲ್ಲಿ ಕನ್ನಡ ಭಾಷಾ ಕಲಿಕೆ ಅಧಿನಿಯಮ ಬಂತು. ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಒಂದು ಭಾಷೆಯಾಗಿಯಾದರೂ ಕಲಿಸಲೇಬೇಕು ಎಂದಿತು. ಆದರೆ ಗಮನಿಸಿ, ಅದು ಹೇಳುವುದು ಶಾಲೆಗಳಿಗೆ. ಮನೆಶಾಲೆಯ ಮಗುವಿಗೆ ಕನ್ನಡ ಕಲಿಸಿ ಎಂದು ಹೇಳುವವರು ಯಾರೂ ಇಲ್ಲ. ಅಲ್ಲಿ ಕನ್ನಡ ಬದುಕಿದರೆ ಅಪ್ಪ ಅಮ್ಮನ ಮನಸ್ಸಿನಿಂದ ಮಾತ್ರ.

ಸರಿ, ಆಯ್ಕೆ ಪೋಷಕರದು ತಾನೇ? ಹಾಗಾದರೆ ಆ ಆಯ್ಕೆಯನ್ನೇ ನಾವು ಕೈಗೆತ್ತಿಕೊಳ್ಳೋಣ! ಶಾಲೆಯ ಆಡಳಿತ ಮಂಡಳಿ ಇಲ್ಲ, ಇಂಗ್ಲಿಷ್ ಮಾತಾಡದಿದ್ದರೆ ದಂಡ ಹಾಕುವ ಮಿಸ್ಸು ಇಲ್ಲ, ಟೈ ಇಲ್ಲ. ಮಗುವಿಗೆ ಯಾವ ಭಾಷೆಯಲ್ಲಿ ಕಲಿಸಬೇಕೆಂಬುದು ಪೂರ್ತಿ ನಿಮ್ಮ ಕೈಯಲ್ಲಿದೆ. ಇಷ್ಟು ಸ್ವಾತಂತ್ರ್ಯ ಸಿಕ್ಕಿದ ಮೇಲೂ ಕಾನ್ವೆಂಟಿನ ಭಾಷೆಯನ್ನೇ ಹೊತ್ತು ತಂದು ಕಾಡಿನಲ್ಲಿ ಇಳಿಸುವುದಾದರೆ, ಕಾನ್ವೆಂಟು ಬಿಟ್ಟು ಏನು ಬಿಟ್ಟ ಹಾಗಾಯಿತು?

'ಎಲ್ಲರನ್ನೂ ಒಳಗೊಳ್ಳುವ' ಎಂಬ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳೋಣ. ಮನೆಶಾಲೆಗೆ ಬರುವವರಲ್ಲಿ ಶೋಕಿಗೆ ಬರುವವರಷ್ಟೇ ಇಲ್ಲ. ಅಕ್ಷರ ಹಿಂದುಮುಂದಾಗಿ ಕಾಣುವ ಮಗು, ಮಾತು ತಡವಾದ ಮಗು, ಆಟಿಸಂ ಇರುವ ಮಗು, ಇವರನ್ನು ದೊಡ್ಡ ದೊಡ್ಡ ಶಾಲೆಗಳು ನಯವಾಗಿ ಹೊರಗೆ ತಳ್ಳುತ್ತವೆ. ದಾರಿ ಕಾಣದೆ ಮನೆಯಲ್ಲೇ ಕಲಿಸುವ ತಾಯಂದಿರನ್ನು ನಾನು ಆ ತೋಟದಲ್ಲೇ ಕಂಡೆ. ಒಬ್ಬಾಕೆಗೆ ಯಾರೋ ತಜ್ಞರು ಸಲಹೆ ಕೊಟ್ಟಿದ್ದರಂತೆ: ಮಗುವಿಗೆ ಗಲಿಬಿಲಿಯಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಆಡಿ ಎಂದು. ಆಕೆ ಆಡಿದರು. ಅಜ್ಜಿ ಇಂಗ್ಲಿಷ್ ಬಾರದೆ ಮೊಮ್ಮಗನ ಹತ್ತಿರ ಮೌನವಾದರು. ಎರಡು ಭಾಷೆ ಕೇಳಿ ಬೆಳೆದರೆ ಇಂಥ ಮಕ್ಕಳಿಗೆ ಕೇಡಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ಈಚಿನ ಸಂಶೋಧನೆಗಳು ಹೇಳುತ್ತಿವೆ. ಗುಂಡ್ಲುಪೇಟೆಯಿಂದ ಬಸ್ಸು ಹತ್ತಿದರೆ ಎರಡು ಗಂಟೆಯೊಳಗೆ ಸಿಗುವ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಆ ತಾಯಿ ಅಲ್ಲಿಗೊಮ್ಮೆ ಹೋಗಿ ಕೇಳಬಹುದಿತ್ತು. ಮಾತು ಬಾರದ ಮಗುವಿನಿಂದ ಅಜ್ಜಿಯನ್ನೂ ಕಿತ್ತುಕೊಂಡರೆ ಅದಕ್ಕೆ ಉಳಿಯುವುದೇನು?

ಹಾಗಾದರೆ ಏನು ಮಾಡಬೇಕು? ಹೊಸದಾಗಿ ಕಂಡುಹಿಡಿಯುವ ಅಗತ್ಯವೇ ಇಲ್ಲ. ಚಾಮರಾಜನಗರದ ಪಕ್ಕದ ನಾಗವಳ್ಳಿಯಲ್ಲಿ ಮಾನವಶಾಸ್ತ್ರಜ್ಞೆ ಎ.ಆರ್. ವಾಸವಿ ಮತ್ತು ಗೆಳೆಯರ 'ಪುನರ್ಚಿತ್' ಬಳಗ ಹಳ್ಳಿಯ ಹುಡುಗ ಹುಡುಗಿಯರಿಗೆ ಅವರದೇ ನೆಲ, ಬೇಸಾಯ, ಸಮಾಜವನ್ನು ಪಾಠವಾಗಿಸಿದೆ. ಹೊಂಡರಬಾಳಿನಲ್ಲಿ ಪ್ರೊ. ನಂಜುಂಡಸ್ವಾಮಿಯವರ ಕನಸಿನಿಂದ ಹುಟ್ಟಿದ 'ಅಮೃತಭೂಮಿ' ಇದೆ. ರೈತರೇ ರೈತರಿಗೆ ಕಲಿಸುವ ಜಾಗ ಅದು. ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುವ ನೀಲಗಾರರಿದ್ದಾರೆ. ಮಾದಪ್ಪನ ಕಥೆ ಹೇಳುವ ಕಂಸಾಳೆಯವರಿದ್ದಾರೆ. ಸಾವಿರಾರು ಸಾಲು ಇವರ ಬಾಯಲ್ಲಿ ಬಂದು ನಿಂತದ್ದು ಯಾವ ಬೋರ್ಡಿನ ಸಿಲಬಸ್ಸಿನಿಂದ? ಬೆಂಗಳೂರಿನ ಮನೆಶಾಲೆಯ ಬಳಗಗಳು ಇಷ್ಟು ದೂರ ಬಂದು ಇವರ ಅಂಗಳಕ್ಕೆ ಕಾಲಿಡದೆ ವಾಪಸು ಹೋಗುತ್ತವೆ.

ಹತ್ತು ಕುಟುಂಬ ಸೇರಿದರೆ ಸಾಕು. ಸ್ವಂತ ತೋಟ ಕೊಳ್ಳುವ ಮೊದಲು ಹತ್ತಿರದ ಊರಿನ ಸರ್ಕಾರಿ ಕನ್ನಡ ಶಾಲೆಯ ಬಾಗಿಲು ತಟ್ಟಿ. ಮಕ್ಕಳಿಲ್ಲದೆ ಮುಚ್ಚುವ ಭಯದಲ್ಲಿರುವ ಶಾಲೆಗಳು ಗಡಿ ತಾಲ್ಲೂಕುಗಳಲ್ಲಿ ಬೇಕಾದಷ್ಟಿವೆ. ಮೇಷ್ಟ್ರ ಜತೆ, ಎಸ್‌ಡಿಎಂಸಿ ಜತೆ ಮಾತಾಡಿ ಶನಿವಾರ ಮಧ್ಯಾಹ್ನ ಊರ ಮಕ್ಕಳನ್ನೂ ನಿಮ್ಮ ಮಕ್ಕಳನ್ನೂ ಒಟ್ಟಿಗೆ ಹೊಲಕ್ಕೆ ಬಿಡಿ. ನಿಮ್ಮ ಮಗು ಸೊಪ್ಪಿನ ಹೆಸರು ಕಲಿಯಲಿ. ಆ ಮಗುವಿಗೆ ನಿಮ್ಮ ಭೂತಗನ್ನಡಿ, ನಿಮ್ಮ ಪುಸ್ತಕದ ಪೆಟ್ಟಿಗೆ ಸಿಗಲಿ. ಇಂಗ್ಲಿಷು ಬೇಕೆಂದರೆ ಅದೂ ಸಿಗಲಿ, ನನಗೇನೂ ಮಡಿಯಿಲ್ಲ. ಹಳ್ಳಿಯ ಹುಡುಗಿಗೆ ಇಂಗ್ಲಿಷು ಬೇಡ ಎನ್ನುವ ಹಕ್ಕು ನನಗಿಲ್ಲ. ಕಾಡಿನೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಆನೆ ಕನ್ನಡವನ್ನೂ ಕೇಳುವುದಿಲ್ಲ, ಇಂಗ್ಲಿಷನ್ನೂ ಕೇಳುವುದಿಲ್ಲ. ಮತ್ತೆ ಕಲಿಸಿದವರಿಗೆ ದುಡ್ಡು ಕೊಡಿ. ಸೋಲಿಗರ ಅಜ್ಜನಿಗೆ ಶಾಲು ಹೊದಿಸಿ ಫೋಟೋ ತೆಗೆದು ಕಳಿಸುವ ಚಾಳಿ ಬಿಡಿ. ಬೆಂಗಳೂರಿನ ಪಿಯಾನೋ ಮಿಸ್ಸಿಗೆ ಗಂಟೆಗೆಷ್ಟು ಕೊಡುತ್ತೀರೋ ಅಷ್ಟನ್ನೇ ಆ ಅಜ್ಜನಿಗೂ ಎಣಿಸಿ ಕೊಡಿ.

ಅವತ್ತು ತೋಟದಿಂದ ಹೊರಡುವ ಮೊದಲು ನಾನು ಮತ್ತೆ ಆ ಹೊಲಕ್ಕೆ ಹೋದೆ. ಅಷ್ಟು ಹೊತ್ತಿಗೆ ಹಾಸನದ ತಾಯಿಯ ಹುಡುಗಿ ಹಾಳೆಯನ್ನು ಎಲ್ಲೋ ಬಿಸಾಕಿ, ಆಕೆಯ ಮಗಳ ಜತೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಸೊಪ್ಪು ಸೋಸುತ್ತಿತ್ತು. ಅವೆರಡೂ ಯಾವ ಭಾಷೆಯಲ್ಲಿ ಮಾತಾಡಿಕೊಂಡವೋ ನನಗೆ ಕೇಳಲಿಲ್ಲ. ನಾನು ಆ ತಾಯಿಗೆ ಕೇಳಿದೆ, "ತಿಂಗಳಿಗೊಂದು ಸಲ ಮಕ್ಕಳನ್ನ ಕರ್ಕೊಂಡು ಬಂದ್ರೆ ಸೊಪ್ಪು ತೋರಿಸಿಕೊಡ್ತೀರಾ ಅಕ್ಕ? ಪಾಠದ ಹಾಗೆ?"

"ಪಾಠವಾ? ನಾನಾ?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ಸ್ವಲ್ಪ ಯೋಚಿಸಿ ಅಂದರು, "ಕೂಲಿ ಕೊಟ್ರೆ ಬತ್ತಿನಿ ಕನಣ್ಣ. ಹೂ ಕುಯ್ಯೋ ದಿವ್ಸ ಮಾತ್ರ ಕರೀಬೇಡಿ."